ಕೀಲಿಮಣೆಯ ರಾಯರು

ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ವಲಾಂಡಿಯ ಹುಡುಗರು, ಸ್ವಂತ ತಂತ್ರಾಂಶದ ಕನಸಿಗಾಗಿ ಕೆಲಸ ಬಿಡಬಹುದೇ ಎಂದು ಕೇಳುತ್ತಾರೆ. ನಾವು ಕಿನ್ನಿಕಂಬಳ ಪದ್ಮನಾಭ ರಾಯರ, ಅಂದರೆ ಕೆ. ಪಿ. ರಾವ್ ಅವರ ಹೆಸರು ಹೇಳುತ್ತೇವೆ. ಟಾಟಾ ಪ್ರೆಸ್, ಮೊನೊಟೈಪ್ ಸಂಸ್ಥೆಗಳಲ್ಲಿ ದುಡಿದು ಅಕ್ಷರಜೋಡಣೆಯ ಮರ್ಮವರಿತ ರಾಯರು, ಕನ್ನಡವನ್ನು ಉಚ್ಚಾರದ ಕ್ರಮದಲ್ಲೇ ಬೆರಳಚ್ಚಿಸುವ ಕೀಲಿಮಣೆಯನ್ನು ರೂಪಿಸಿದರು. ಮೂಲಾಕ್ಷರಗಳನ್ನು ಒತ್ತಿದರೆ ಕಾಗುಣಿತ, ಒತ್ತಕ್ಷರಗಳನ್ನು ಗಣಕವೇ ಕೂಡಿಸುತ್ತದೆ. ‘ಸೇಡಿಯಾಪು’ ತಂತ್ರಾಂಶವನ್ನು ಅವರು ಹಣ ಪಡೆಯದೆ ಹಂಚಿದರು. ‘ನುಡಿ’ಗೂ ಅವರ ವಿನ್ಯಾಸವೇ ಆಧಾರ. ಹಾಗೆ ಹಂಚುವ ಸ್ವಾತಂತ್ರ್ಯವನ್ನು ಸಂಬಳದ ದುಡಿಮೆಯೇ ಕೊಟ್ಟಿತೆಂಬುದು ನಮ್ಮ ಅಭಿಮತ, ಹುಡುಗರು ಒಪ್ಪುವುದಿಲ್ಲ.

ಗಡಿಯವರಾದ ನಮಗೆ ಆ ಕೊಡುಗೆ ಸಣ್ಣದಲ್ಲ. 1956ರಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರದಿಂದ ಬೇರ್ಪಟ್ಟ ಮೇಲೆ ನಮ್ಮಲ್ಲಿ ಕನ್ನಡ ಮಾತಾಗಿ ಉಳಿಯಿತು, ಬರಹ ಕ್ಷೀಣಿಸಿತು. ಈಗ ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಅದೇ ಕೀಲಿಮಣೆಯಲ್ಲಿ ಅಜ್ಜಿಯ ಬೀಸುವ ಹಾಡುಗಳನ್ನು ಟೈಪು ಮಾಡುತ್ತಿದ್ದಾಳೆ.