ಗುಲಾಮರ ವ್ಯಾಪಾರ: ‘ಕ್ರಮೇಣ’ ಎಂಬ ಪದದ ಬೆಲೆ

ಅನ್ಯಾಯವನ್ನು ನೇರವಾಗಿ ಸಮರ್ಥಿಸುವವರಿಗಿಂತ, ‘ಅದು ಅನ್ಯಾಯವೇ ಸರಿ, ಆದರೆ ಈಗಲೇ ಬೇಡ’ ಎನ್ನುವವರಿಂದಲೇ ಅದಕ್ಕೆ ಹೆಚ್ಚು ಆಯುಸ್ಸು ದೊರೆಯುತ್ತದೆಯೇ? ಆಫ್ರಿಕದ ಗುಲಾಮರ ವ್ಯಾಪಾರ ಕುರಿತು ಬ್ರಿಟನ್ನಿನಲ್ಲಿ 20 ವರ್ಷ ನಡೆದ ವಾದ-ವಿವಾದವನ್ನು ಗಮನಿಸಿದರೆ ಈ ಪ್ರಶ್ನೆ ಏಳದೆ ಇರದು.

16ರಿಂದ 19ನೇ ಶತಮಾನದವರೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹಡಗುಗಳಲ್ಲಿ ತುಂಬಿ ಅಟ್ಲಾಂಟಿಕ್ ಸಾಗರದಾಚೆಗೆ ಒಯ್ಯಲಾಯಿತು. 18ನೇ ಶತಮಾನದ ಉತ್ತರಾರ್ಧದಲ್ಲಿ ಈ ವ್ಯಾಪಾರದಲ್ಲಿ ಬ್ರಿಟಿಷರದೇ ಮೇಲುಗೈ. ಇದನ್ನು ನಿಲ್ಲಿಸಬೇಕೆಂದು 1787ರಲ್ಲಿ ಲಂಡನ್ನಿನಲ್ಲಿ 12 ಮಂದಿಯ ಸಮಿತಿ ರಚನೆಯಾಯಿತು. ಸಮಿತಿಯ ಥಾಮಸ್ ಕ್ಲಾರ್ಕ್‌ಸನ್ ಬಂದರುಗಳನ್ನು ಸುತ್ತಿ ಸಾಕ್ಷ್ಯ ಕಲೆಹಾಕಿದರು; ವಿಲಿಯಂ ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲಿ ದನಿಯೆತ್ತಿದರು. ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಒಲೌಡಾ ಈಕ್ವಿಯಾನೊ 1789ರಲ್ಲಿ ಆತ್ಮಕಥೆ ಪ್ರಕಟಿಸಿದರು.

ವಿರೋಧಿಗಳ ಬಳಿಯೂ ವಾದಗಳಿಗೆ ಕೊರತೆಯಿರಲಿಲ್ಲ. ವ್ಯಾಪಾರ ನಿಂತರೆ ಲಿವರ್‌ಪೂಲ್ ಬಂದರು ಹಾಳಾಗುತ್ತದೆ, ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳು ನಾಶವಾಗುತ್ತವೆ ಎಂದರು. ನಾವು ಬಿಟ್ಟದ್ದನ್ನು ಫ್ರೆಂಚರು ಎತ್ತಿಕೊಳ್ಳುತ್ತಾರೆ, ಆಫ್ರಿಕನ್ನರಿಗೇನೂ ಲಾಭವಿಲ್ಲ ಎಂದರು. ಕೊಳ್ಳುವವರಿಲ್ಲದಿದ್ದರೆ ಆಫ್ರಿಕದ ಅರಸರು ಯುದ್ಧಕೈದಿಗಳನ್ನು ಕೊಂದೇ ಬಿಡುತ್ತಾರೆ ಎಂದು ‘ಕರುಣೆ’ಯನ್ನೂ ತೋರಿದರು. ನೌಕಾಪಡೆಗೆ ನಾವಿಕರನ್ನು ತಯಾರಿಸುವ ಪಾಠಶಾಲೆ ಈ ವ್ಯಾಪಾರವೇ ಎಂಬುದು ಇನ್ನೊಂದು ವಾದ.

ಸಮಿತಿ ಇದಕ್ಕೆ ನೀತಿಬೋಧೆಗಿಂತ ಹೆಚ್ಚಾಗಿ ಅಂಕಿಸಂಖ್ಯೆಗಳಿಂದ ಉತ್ತರ ಕೊಟ್ಟಿತು. ಕ್ಲಾರ್ಕ್‌ಸನ್ ಹಡಗುಗಳ ಹಾಜರಿ ಪಟ್ಟಿಗಳನ್ನು ಪರಿಶೀಲಿಸಿ, ಗುಲಾಮರ ಹಡಗು ನಾವಿಕರಿಗೆ ಪಾಠಶಾಲೆಯಲ್ಲ, ಸ್ಮಶಾನ ಎಂದು ತೋರಿಸಿದರು. ‘ಬ್ರೂಕ್ಸ್’ ಎಂಬ ಹಡಗಿನಲ್ಲಿ ಮನುಷ್ಯರನ್ನು ಒತ್ತೊತ್ತಾಗಿ ಮಲಗಿಸಿದ ನಕ್ಷೆ ಮನೆಮನೆಗೆ ತಲುಪಿತು. ಕಾನೂನು ಅದಕ್ಕೆ 454 ಮಂದಿಯನ್ನು ಸಾಗಿಸಲು ಅವಕಾಶ ಕೊಟ್ಟಿತ್ತು. ಅದಕ್ಕೂ ಮೊದಲು ಅದೇ ಹಡಗು 600ಕ್ಕೂ ಹೆಚ್ಚು ಮಂದಿಯನ್ನು ಒಯ್ದಿತ್ತು. ಗುಲಾಮರು ಹಡಗಿನ ಮೇಲೆ ಕುಣಿಯುತ್ತಾರೆಂದು ವ್ಯಾಪಾರಿಗಳು ಹೇಳಿದಾಗ, ಅದು ಚಾವಟಿಯ ಭಯದ ಕುಣಿತವೆಂದು ವಿಲ್ಬರ್‌ಫೋರ್ಸ್ ಬಯಲು ಮಾಡಿದರು.

1791ರಲ್ಲಿ ಅವರ ನಿರ್ಣಯ 163-88 ಮತಗಳಿಂದ ಬಿದ್ದುಹೋಯಿತು. ಆದರೆ ಜನ ಸುಮ್ಮನಿರಲಿಲ್ಲ. ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ಸಾವಿರಾರು ಕುಟುಂಬಗಳು ತ್ಯಜಿಸಿದವು. 1792ರಲ್ಲಿ 519 ಮನವಿಗಳು ಸಂಸತ್ತನ್ನು ತಲುಪಿದವು. ಇನ್ನು ನೇರ ವಿರೋಧ ಕಷ್ಟವಾಗಿತ್ತು. ಆಗ ಸಚಿವ ಹೆನ್ರಿ ಡಂಡಾಸ್ ಎದ್ದು ನಿಂತು, ವ್ಯಾಪಾರ ನಿಲ್ಲಬೇಕೆಂಬುದನ್ನು ಒಪ್ಪಿಕೊಂಡೇ, ನಿರ್ಣಯಕ್ಕೆ ‘ಕ್ರಮೇಣ’ ಎಂಬ ಒಂದೇ ಪದ ಸೇರಿಸಿದರು. ತಿದ್ದುಪಡಿಯಾದ ನಿರ್ಣಯ 230-85 ಮತಗಳಿಂದ ಅಂಗೀಕಾರವಾಯಿತು!

ಕಾಮನ್ಸ್ ಸಭೆ 1796ರ ಗಡುವನ್ನೂ ಗೊತ್ತುಮಾಡಿತು. ಆದರೆ ಲಾರ್ಡ್ಸ್ ಸಭೆ ವಿಚಾರಣೆಯ ನೆಪದಲ್ಲಿ ಕಾಲ ತಳ್ಳಿತು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಆರಂಭವಾಯಿತು. ಗಡುವು ಕಾಗದದಲ್ಲೇ ಉಳಿಯಿತು. ತಕ್ಷಣದ ನಿಷೇಧ ಹೇಗೂ ಸೋಲುತ್ತಿತ್ತು, ಡಂಡಾಸ್ ಮಾಡಿದ್ದು ವ್ಯವಹಾರಜ್ಞಾನದ ಕೆಲಸ ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಗಡುವು ಮೀರಿದ ಮೇಲೂ ಡಂಡಾಸ್ ನಿಷೇಧವನ್ನು ವಿರೋಧಿಸುತ್ತಲೇ ಬಂದರು ಎಂಬುದನ್ನು ಮರೆಯುವಂತಿಲ್ಲ.

ಕೊನೆಗೆ 1807ರಲ್ಲಿ ಕಾಮನ್ಸ್ ಸಭೆ 283-16 ಮತಗಳಿಂದ ಮಸೂದೆಗೆ ಒಪ್ಪಿಗೆ ನೀಡಿತು. ಮಾರ್ಚ್ 25ರಂದು ಅದು ಕಾನೂನಾಯಿತು. ನಡುವಿನ 15 ವರ್ಷಗಳಲ್ಲಿ ಬ್ರಿಟಿಷ್ ಹಡಗುಗಳು ಇನ್ನೂ ಲಕ್ಷಾಂತರ ಜನರನ್ನು ಸಾಗಿಸಿದ್ದವು. ಗುಲಾಮಗಿರಿಯನ್ನೇ ರದ್ದುಪಡಿಸುವ ಕಾನೂನು ಬಂದದ್ದು 1833ರಲ್ಲಿ. ಆಗಲೂ 2 ಕೋಟಿ ಪೌಂಡ್ ಪರಿಹಾರ ದೊರೆತದ್ದು ಒಡೆಯರಿಗೆ. ಗುಲಾಮರಿಗೆ ಬಿಡಿಗಾಸೂ ಸಿಗಲಿಲ್ಲ.

ಮುಂದೂಡುವುದೂ ಒಂದು ತೀರ್ಮಾನವೇ. ಆದರೆ ಅದರ ಬೆಲೆ ತೆತ್ತವರು ಸಂಸತ್ತಿನಲ್ಲಿ ಕುಳಿತವರಲ್ಲ, ಹಡಗಿನ ತಳದಲ್ಲಿ ಸರಪಳಿ ತೊಟ್ಟು ಮಲಗಿದ್ದವರು.