ನೂರೈವತ್ತು ರೂಪಾಯಿಯ ತೋಪು

ಈಗಿನ ಹುಡುಗರ ವಿಡಿಯೋ ಗೇಮ್‌ಗಳಲ್ಲಿ ಒಂದು ಪಾತ್ರ ಮತ್ತೆ ಮತ್ತೆ ಬರುತ್ತದೆ. ಮನೆಯಷ್ಟು ಎತ್ತರದ ಯಂತ್ರ, ಮೈತುಂಬ ಬಂದೂಕು, ಕೊಲ್ಲುವುದಕ್ಕೆಂದೇ ಮಾಡಿದ್ದು. ಆದರೆ ಅದರೊಳಗೆ ಅದು ಹೇಗೋ ಒಂದು ಒಳ್ಳೆಯ ಮನಸ್ಸು ಬಂದು ಕೂತಿರುತ್ತದೆ. 2016ರಲ್ಲಿ ಬಂದ ಟೈಟಾನ್‌ಫಾಲ್ 2 ಎಂಬ ಆಟದಲ್ಲಿ 'ಬಿಟಿ' ಅಂತ ಇಂಥದ್ದೊಂದು ಇದೆ. ತನ್ನೊಳಗೆ ಕೂತ ಸವಾರನನ್ನು ಕಾಪಾಡುವುದು ಅದಕ್ಕೆ ಹಾಕಿಕೊಟ್ಟ ನಿಯಮ. ಕೊನೆಗೆ ತನ್ನನ್ನೇ ಕೊಟ್ಟು ಅವನನ್ನು ಉಳಿಸುತ್ತದೆ. ಹುಡುಗರು ಅದಕ್ಕಾಗಿ ಕಣ್ಣೀರು ಹಾಕುತ್ತಾರಂತೆ!

ಇದೆಲ್ಲ ಹೊರದೇಶದವರ ಕಲ್ಪನೆ, ನಮಗೇನು ಸಂಬಂಧ ಅಂದುಕೊಳ್ಳಬೇಡಿ. ಯುದ್ಧಕ್ಕೆ ಮಾಡಿದ ಯಂತ್ರವೊಂದು ಜನರ ಪಾಲಿಗೆ ಒಳ್ಳೆಯದಾಗಿ ಹೋದ ಕತೆ ನಮ್ಮಲ್ಲೇ ಇದೆ. ಅದೂ ಗೇಮ್‌ನಲ್ಲಲ್ಲ, ಬಿಜಾಪುರದ ಕೋಟೆಯ ಮೇಲೆ. ಅದರ ಹೆಸರು ಮಲಿಕ್-ಎ-ಮೈದಾನ್. ಅಂದರೆ ರಣರಂಗದ ಒಡೆಯ. (2014ರ ನವೆಂಬರ್ ಒಂದರಿಂದ ಊರಿನ ಹೆಸರು ವಿಜಯಪುರ. ನಮ್ಮಂಥ ಹಳಬರ ಬಾಯಿಗೆ ಇನ್ನೂ ಬಿಜಾಪುರವೇ ಬರುತ್ತದೆ, ಓದುಗರು ಹೊಂದಿಕೊಳ್ಳಬೇಕು.)

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬ್ಯಾಂಕಿನವನ ಚಾಳಿ! ತೂಕ ಸುಮಾರು 55 ಟನ್. ಉದ್ದ 14 ಅಡಿಗಿಂತ ಸ್ವಲ್ಪ ಹೆಚ್ಚು. ಬಾಯಿಯ ಒಳ ಅಗಲ ಎರಡು ಅಡಿಯ ಮೇಲೆ, ಒಬ್ಬ ಆಳು ಬಗ್ಗಿ ಒಳಗೆ ತೂರಬಹುದು. ಲೋಹ ಕಬ್ಬಿಣವಲ್ಲ, ತಾಮ್ರ ಮತ್ತು ತವರ ಬೆರೆಸಿದ ಕಂಚು. ಅದಕ್ಕೇ ಕೈಯಿಂದ ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ಸದ್ದು. ಬಾಯಿಯ ಭಾಗವನ್ನು ಬಾಯ್ದೆರೆದ ಸಿಂಹದ ಮುಖದಂತೆ ಎರಕ ಹೊಯ್ದಿದ್ದಾರೆ. ಕೋರೆಹಲ್ಲುಗಳ ನಡುವೆ ಪುಟ್ಟ ಆನೆ ಸಿಕ್ಕಿಕೊಂಡಿದೆ. ನೋಡಿದವನ ಎದೆ ನಡುಗಬೇಕು ಅನ್ನುವುದೇ ಮಾಡಿದವನ ಉದ್ದೇಶ.

ಮಾಡಿದವನು ಮುಹಮ್ಮದ್ ಬಿನ್ ಹಸನ್ ರೂಮಿ, ತುರ್ಕಿ ಕಡೆಯವನು. 1549ರಲ್ಲಿ ಅಹಮದ್‌ನಗರದಲ್ಲಿ, ಬುರ್ಹಾನ್ ನಿಜಾಮ್ ಶಾಹನ ಕಾಲಕ್ಕೆ ಎರಕ ಹೊಯ್ದ. ಅಂದರೆ ಹುಟ್ಟಿನಿಂದ ಇದು ಬಿಜಾಪುರದ್ದೂ ಅಲ್ಲ, ನಮ್ಮ ಹಾಗೆ ವಲಸೆ ಬಂದದ್ದು. ಅಹಮದ್‌ನಗರದಿಂದ ಪರಾಂಡಾ ಕೋಟೆ, ಅಲ್ಲಿಂದ 1632ರಲ್ಲಿ ಮುರಾರಿ ಪಂಡಿತನ ಕೈಯಿಂದ ಬಿಜಾಪುರ. ಎಳೆದು ತರಲು 400 ಎತ್ತು, 10 ಆನೆ, ನೂರಾರು ಆಳು ಬೇಕಾದವು ಅಂತ ಪ್ರತೀತಿ. ಜೊತೆಗೆ ಹೊರಟ 'ಕಡಕ್ ಬಿಜಲಿ' ಎಂಬ ಇನ್ನೊಂದು ತೋಪು ದಾರಿಯಲ್ಲಿ ನದಿಪಾಲಾಯಿತಂತೆ. ಊರು ತಲುಪಿದ್ದು ಇದೊಂದೇ. ಶೇರ್ಜಾ ಬುರುಜಿನ ಮೇಲೆ ಕೂತದ್ದು ಇವತ್ತಿನವರೆಗೂ ಅಲ್ಲೇ ಇದೆ.

ಇನ್ನು ಕಹಿಯಾದ ಮಾತು. 1565ರ ಜನವರಿಯಲ್ಲಿ ನಡೆದ ತಾಳಿಕೋಟೆ ಯುದ್ಧದಲ್ಲಿ, ಅಂದರೆ ವಿಜಯನಗರವನ್ನು ಮುರಿದ ಆ ಯುದ್ಧದಲ್ಲಿ, ಈ ತೋಪೂ ಇತ್ತು ಎಂದು ಜನ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. 55 ಟನ್ನಿನ ಭಾರವನ್ನು ಬಯಲಿನ ಯುದ್ಧಕ್ಕೆ ಎಳೆದೊಯ್ದಿರಬಹುದೇ ಅನ್ನುವ ಅನುಮಾನ ಯಾರಿಗಾದರೂ ಬರುತ್ತದೆ, ನನಗೂ ಇದೆ. ಆದರೆ ಅಹಮದ್‌ನಗರದ ತೋಪುಗಳು ಆ ಯುದ್ಧದಲ್ಲಿ ಏನು ಮಾಡಿದವು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ವಿಜಯನಗರದ ಸೈನ್ಯ ತೀರ ಹತ್ತಿರ ನುಗ್ಗಿ ಬಂದಾಗ ತೋಪುಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲಗಳನ್ನೇ ತುಂಬಿ ಹಾರಿಸಿದರಂತೆ. ಒಂದೊಂದು ಕಾಸೂ ಒಂದೊಂದು ಗುಂಡು! ಜೀವನವೆಲ್ಲ ನಾಣ್ಯ ನೋಟು ಎಣಿಸಿದ ನನಗೆ ಇದನ್ನು ಓದಿದಾಗ ಅನಿಸಿದ್ದನ್ನು ಹೇಳುವುದು ಕಷ್ಟ. ದುಡ್ಡು ಮನುಷ್ಯನನ್ನು ಕೊಲ್ಲುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ಈ ಅರ್ಥದಲ್ಲಿ ಅಲ್ಲವಲ್ಲ.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಅವನೂ ತೋಪಿನ ಮೇಲೆ ತನ್ನ ಶಾಸನ ಕೆತ್ತಿಸಿದ. ಬಿಜಾಪುರವನ್ನು ಗೆದ್ದೆ, ಮಲಿಕ್-ಎ-ಮೈದಾನವನ್ನೂ ವಶಮಾಡಿಕೊಂಡೆ ಅನ್ನುವುದು ಅದರ ಸಾರಾಂಶ. ಊರು ಗೆದ್ದದ್ದನ್ನು ಒಂದು ತೋಪಿನ ಹೆಸರು ಹಿಡಿದು ಹೇಳಿಕೊಳ್ಳಬೇಕೆಂದರೆ ಅದರ ಕೀರ್ತಿ ಎಷ್ಟಿರಬೇಕು, ನೀವೇ ಊಹಿಸಿ.

ಆಮೇಲೆ ಅದು ಸುಮ್ಮನಾಯಿತು. ಆದಿಲ್‌ಶಾಹಿ ಹೋಯಿತು, ಮೊಘಲರು ಹೋದರು, ಪೇಶ್ವೆಗಳೂ ಹೋದರು. ತೋಪು ಬಿಸಿಲು ಮಳೆಗೆ ಮೈಯೊಡ್ಡಿ ಕೂತಿತ್ತು. ಈ ನಡುವೆಯೇ ಒಂದು ವಿಚಿತ್ರ ನಡೆಯಿತು. ಸುತ್ತಲ ಹಳ್ಳಿಯ ಜನ ಅದಕ್ಕೆ ನಡೆದುಕೊಳ್ಳಲು ಶುರುಮಾಡಿದರು. ಅದನ್ನು ಮುಟ್ಟಿ ಮನಸ್ಸಿನಲ್ಲಿ ಬೇಡಿಕೊಂಡರೆ ಬೇಡಿದ್ದು ಆಗುತ್ತದೆ ಎಂಬ ನಂಬಿಕೆ ಇವತ್ತಿಗೂ ಇದೆ. ಬಿರು ಬೇಸಿಗೆಯಲ್ಲೂ ಅದರ ಮೈ ತಣ್ಣಗಿರುತ್ತದೆ ಎನ್ನುವುದು ಬಿಜಾಪುರದವರು ಬಂದವರಿಗೆಲ್ಲ ಹೇಳುವ ಮಾತು. ಯಾವಾಗಿನಿಂದ ಅದು ರಾಕ್ಷಸ ಆಗಿದ್ದದ್ದು ರಕ್ಷಕ ಆಯಿತು? ಯಾರೂ ಆದೇಶ ಹೊರಡಿಸಲಿಲ್ಲ, ಯಾರೂ ಶಾಸನ ಕೆತ್ತಿಸಲಿಲ್ಲ.

ಈಗ ಹರಾಜಿನ ಕತೆಗೆ ಬರೋಣ. 1823ರಲ್ಲಿ ಬೊಂಬಾಯಿ ಸರ್ಕಾರಕ್ಕೆ ಇದನ್ನು ಇಂಗ್ಲೆಂಡಿಗೆ ಕಳಿಸುವ ಮನಸ್ಸಾಗಿತ್ತು. ಆಗಿನ ರಸ್ತೆಗಳಲ್ಲಿ ಅದನ್ನು ಸಾಗಿಸುವುದು ಸಾಧ್ಯವೇ ಇರಲಿಲ್ಲ, ಕೈಬಿಟ್ಟರು. 1848ರಲ್ಲಿ ಸಾತಾರಾ ಸಂಸ್ಥಾನವನ್ನು ಕಂಪನಿ ನುಂಗಿತು. ಅದರ ಜೊತೆ ಬಿಜಾಪುರವೂ ಹೋಯಿತು. 1854ರಲ್ಲಿ ಸಾತಾರಾದ ಕಮಿಷನರ್ ಸಾಹೇಬರಿಂದ ಒಂದು ಆದೇಶ ಬಂತು. ಬಿಜಾಪುರದಲ್ಲಿರುವ ಉಪಯೋಗವಿಲ್ಲದ 'ಡೆಡ್ ಸ್ಟಾಕ್' ಎಲ್ಲವನ್ನೂ ಹರಾಜು ಹಾಕಿ ಎಂದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಈ ಪದ ಚೆನ್ನಾಗಿ ಗೊತ್ತು. ನಮ್ಮ ಕುರ್ಚಿ, ಮೇಜು, ಕಪಾಟುಗಳೆಲ್ಲ ಲೆಕ್ಕದ ಪುಸ್ತಕದಲ್ಲಿ 'ಡೆಡ್ ಸ್ಟಾಕ್'ಗಳೇ. ರಣರಂಗದ ಒಡೆಯನೂ ಹಾಗೇ ಮುರುಕು ಕುರ್ಚಿಗಳ ಸಾಲಿಗೆ ಸೇರಿದ.

ಹರಾಜು ನಡೆಯಿತು. ಬಂದ ಅತಿ ಹೆಚ್ಚಿನ ಬಿಡ್ 150 ರೂಪಾಯಿ! ಭಾಗಿಸಿ ನೋಡಿ, ಒಂದು ಟನ್ ಕಂಚಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಕೂಗಿದವನು ದಡ್ಡನೇನಲ್ಲ. ಕಂಚಿನ ಬೆಲೆ ಅವನಿಗೆ ಗೊತ್ತಿತ್ತು. ಅದನ್ನು ಕಡಿಯುವ, ಬುರುಜಿನಿಂದ ಇಳಿಸುವ, ಸಾಗಿಸುವ ಖರ್ಚೂ ಗೊತ್ತಿತ್ತು. ಅದರ ಹಿಂದಿನ ವರ್ಷ, 1853ರ ಏಪ್ರಿಲ್‌ನಲ್ಲಷ್ಟೇ ಬೋರಿ ಬಂದರಿನಿಂದ ಠಾಣೆಗೆ ನಮ್ಮ ಘಾಟ್ಕೋಪರ್ ಮೇಲಿಂದ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತ್ತು. ಬಿಜಾಪುರಕ್ಕೆ ರೈಲು ಬರಲು ಇನ್ನೂ ಮೂರು ದಶಕ ಇತ್ತು.

ಇಲ್ಲಿ ಒಬ್ಬ ಮಾಮಲೇದಾರ ಬರುತ್ತಾನೆ. 1884ರ ಬೊಂಬಾಯಿ ಗೆಜೆಟಿಯರ್‌ನ ಬಿಜಾಪುರ ಸಂಪುಟದಲ್ಲಿ ಈ ಪ್ರಸಂಗ ದಾಖಲಾಗಿದೆ. ಬಿಡ್ ತೀರ ಕಡಿಮೆ ಆಯಿತು, ಜೊತೆಗೆ ಬಿಜಾಪುರದ ಮತ್ತು ಸುತ್ತಲ ಹಳ್ಳಿಗಳ ಜನ ಈ ತೋಪಿನ ಬಗ್ಗೆ ಭಯಭಕ್ತಿ ಇಟ್ಟುಕೊಂಡಿದ್ದಾರೆ ಎಂದು ಈ ಮಾಮಲೇದಾರ ಮೇಲಧಿಕಾರಿಗೆ ತಿಳಿಸಿದ. ಮಾರಾಟ ರದ್ದಾಯಿತು. ತೋಪು ಉಳಿಯಿತು.

ಸರ್ಕಾರಿ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ದುಡಿದವರು ಈ ಘಟನೆಯನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ ನೋಡಿ. ಮೇಲಿನಿಂದ ಆದೇಶ ಬಂದಾಗಿದೆ. ಹರಾಜು ಆಗಿದೆ. ಬಿಡ್ ಬಂದಿದೆ. ಸುಮ್ಮನೆ ಸಹಿ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆತ ಬೆಲೆ ಕಡಿಮೆ ಆಯಿತು ಎಂದು ಸಾಹೇಬರ ಭಾಷೆಯಲ್ಲೂ ಬರೆದ, ಜನರ ಮನಸ್ಸಿಗೆ ನೋವಾಗುತ್ತದೆ ಎಂದು ಜನರ ಪರವಾಗಿಯೂ ಬರೆದ. ಕಡತದಲ್ಲಿ ಎರಡು ಸಾಲು. ಅಷ್ಟರಿಂದ 55 ಟನ್ ಇತಿಹಾಸ ಉಳಿಯಿತು.

ಇಂಥ ತೋಪು ಬಿಜಾಪುರದಲ್ಲಿ ಮಾತ್ರ ಇದೆ ಅಂತೇನೂ ಇಲ್ಲ. ಇಂಡೋನೇಷ್ಯಾದ ಜಕಾರ್ತಾದಲ್ಲಿ 'ಸಿ ಜಾಗೂರ್' ಎಂಬ ಹಳೆಯ ತೋಪಿದೆ. ಪೋರ್ಚುಗೀಸರ ಕಾಲದಲ್ಲಿ ಮಕಾವ್‌ನಲ್ಲಿ ಎರಕ ಹೊಯ್ದದ್ದು, ಮಲಾಕ್ಕಾ ಬಿದ್ದ ಮೇಲೆ ಡಚ್ಚರ ಕೈ ಸೇರಿತು. ಮಕ್ಕಳಾಗದ ಹೆಂಗಸರು ಅದಕ್ಕೆ ಹೂವಿಟ್ಟು ಹರಕೆ ಹೊರುತ್ತಿದ್ದರು. ಅದರ ಮೇಲಿನ ಲ್ಯಾಟಿನ್ ಬರಹದ ಅರ್ಥ, ನನ್ನಿಂದಲೇ ನಾನು ಮರುಹುಟ್ಟು ಪಡೆದೆ ಎಂದು. ಹಳೆಯ ತೋಪುಗಳನ್ನು ಕರಗಿಸಿ ಮಾಡಿದ್ದಕ್ಕೆ ಆ ಮಾತು. ಆದರೆ ಅದಕ್ಕೆ ನಿಜವಾದ ಮರುಹುಟ್ಟು ಕೊಟ್ಟದ್ದು ಕುಲುಮೆಯಲ್ಲ, ಹೂವಿಟ್ಟ ಆ ಹೆಂಗಸರು ಅನ್ನಿಸುತ್ತದೆ.

ನಮ್ಮವರಿಗೆ ಇದು ಹೊಸದಲ್ಲ. ಕರಾವಳಿಯಿಂದ ಬಂದ ಮುಂಬಯಿ ಕನ್ನಡಿಗರನ್ನು ಕೇಳಿ. ಹೆದರಿಸುವ ಶಕ್ತಿಗೆ ಒಂದು ಗುಡಿ, ಒಂದು ಕೋಲ, ಒಂದು ಹೆಸರು ಕೊಟ್ಟು ಊರ ಕಾವಲಿಗೆ ನಿಲ್ಲಿಸುವುದು ಅವರ ಮನೆತನದ ಮಾತು. ಮೈಸೂರು ದಸರೆಯಲ್ಲಿ ಹಳೆಯ ಫಿರಂಗಿಗಳಿಗೆ ಪೂಜೆ ಮಾಡಿ, 21 ಕುಶಾಲತೋಪು ಹಾರಿಸುತ್ತಾರೆ. ಮದ್ದು ಇರುತ್ತದೆ, ಗುಂಡು ಇರುವುದಿಲ್ಲ. ಆಯುಧ ಪೂಜೆಯ ದಿನ ಲೇತ್ ಮೆಷಿನ್ನಿಗೂ ಟ್ಯಾಕ್ಸಿಗೂ ಕುಂಕುಮ ಇಡುವವರು ನಾವು. ಯಂತ್ರದ ಮೇಲಿನ ಭಕ್ತಿ ಅದಲ್ಲ. 'ನಿನ್ನ ಬಲ ನಮ್ಮ ಕಡೆಗಿರಲಿ' ಎಂದು ಅದರ ಜೊತೆ ಮಾಡಿಕೊಳ್ಳುವ ಒಪ್ಪಂದ. ಬಿಜಾಪುರದ ಸುತ್ತಲ ಜನ ಮಾಡಿದ್ದೂ ಇದನ್ನೇ. ತಮ್ಮ ಪೂರ್ವಿಕರನ್ನು ಕೊಂದಿತೆಂದು ಹೇಳಲಾಗುವ ಬಾಯಿಗೇ ಹೂವಿಟ್ಟರು. ಮರೆತು ಇಟ್ಟರು ಅಂತ ನನಗೆ ಅನಿಸುವುದಿಲ್ಲ. ತಾಳಿಕೋಟೆಯ ಕತೆ ಹೇಳುವವರೂ, ಕೈ ಮುಗಿಯುವವರೂ ಅದೇ ಊರಿನವರಲ್ಲವೇ?

ಹಾಗಾದರೆ ಎಲ್ಲ ಯಂತ್ರಕ್ಕೂ ಇಂಥ ಭಾಗ್ಯ ಸಿಗುತ್ತದೆಯೇ? ಸಿಗುವುದಿಲ್ಲ. ಅದಕ್ಕೆ ಸಾಕ್ಷಿ ನಮ್ಮ ಮುಂಬಯಿಯಲ್ಲೇ ಇದೆ. ಹಳೆಯ ಐಎನ್ಎಸ್ ವಿಕ್ರಾಂತ್ ಭಾರತದ ಮೊದಲ ವಿಮಾನವಾಹಕ ಹಡಗು. 1961ರಲ್ಲಿ ನೌಕಾದಳ ಸೇರಿತು. 1971ರ ಯುದ್ಧದಲ್ಲಿ ಅದರ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. 1997ರ ಜನವರಿ ಕೊನೆಗೆ ನಿವೃತ್ತಿ. ಮುಂದೆ 2001ರಿಂದ 2012ರವರೆಗೆ ಮುಂಬಯಿಯಲ್ಲೇ ತೇಲುವ ಮ್ಯೂಸಿಯಂ ಆಗಿತ್ತು. ಘಾಟ್ಕೋಪರ್‌ನವರಿಗೆ ನೌಕಾದಳ ದೂರದ್ದಲ್ಲ, ಎಲ್.ಬಿ.ಎಸ್. ಮಾರ್ಗದಲ್ಲಿ ಅದರ ದೊಡ್ಡ ಉಗ್ರಾಣವೇ ಇದೆ.

ಉಳಿಸಿಕೊಳ್ಳಲು ಖರ್ಚು ಬಹಳ ಎಂಬ ಕಾರಣಕ್ಕೆ ಅದನ್ನೂ ಹರಾಜು ಹಾಕಿದರು. ಬೆಲೆ ಸುಮಾರು 60 ಕೋಟಿ. ಉಳಿಸಿ ಎಂದು ಕೋರ್ಟಿಗೆ ಹೋದವರಿದ್ದರು. ಹೈಕೋರ್ಟಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ಆಗಲಿಲ್ಲ. 2014ರ ಕೊನೆಗೆ ರೇ ರೋಡ್ ಬಳಿಯ ದಾರೂಖಾನಾದಲ್ಲಿ ಒಡೆಯಲು ಶುರುಮಾಡಿದರು. ದಾರೂ ಅಂದರೆ ಇಲ್ಲಿ ಕುಡಿಯುವ ದಾರೂ ಅಲ್ಲ, ತೋಪಿಗೆ ಹಾಕುವ ಮದ್ದು! 2016ರಲ್ಲಿ ಅದರ ಲೋಹದಿಂದ ನೌಕಾ ಡಾಕ್‌ಯಾರ್ಡ್ ಬಳಿ ಒಂದು ಪುಟ್ಟ ಸ್ಮಾರಕ ಎದ್ದಿತು. ಅದೇ ವರ್ಷ ಅದರ ಉಕ್ಕು ಸೇರಿಸಿದ ಬೈಕೂ ಮಾರಾಟಕ್ಕೆ ಬಂತು. ಹೆಸರು ಮಾತ್ರ 2022ರಲ್ಲಿ ಕೊಚ್ಚಿಯಲ್ಲಿ ಕಟ್ಟಿದ ಹೊಸ ಹಡಗಿಗೆ ಸಿಕ್ಕಿತು.

ಹಡಗು ನೀರಿನಲ್ಲಿ ತುಕ್ಕು ಹಿಡಿಯುತ್ತದೆ, ಕಂಚಿನ ತೋಪಿಗೆ ಆ ಭಯವಿಲ್ಲ. ಆ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಲೆಕ್ಕ ಬರೆದವರು ತಪ್ಪು ಲೆಕ್ಕ ಬರೆದರು ಅಂತಲೂ ಹೇಳಲಾರೆ. ಆದರೆ ವಿಕ್ರಾಂತ್‌ಗೆ 60 ಕೋಟಿ ಬೆಲೆ ಬಂತು, ಅದು ಹೋಯಿತು. ತೋಪಿಗೆ 150 ರೂಪಾಯಿ ಬಂತು, ಅದು ಉಳಿಯಿತು. ಕೆಲವು ಸಲ ಬೆಲೆ ಸಿಗದೇ ಇರುವುದೇ ಒಂದು ವಸ್ತುವಿನ ಪುಣ್ಯ. ಬೆಲೆ ಸಿಗದಿದ್ದಾಗ, ಇದಕ್ಕೆ ಬೇರೆ ಇನ್ನೇನಾದರೂ ಬೆಲೆ ಇದೆಯೇ ಎಂದು ಯಾರಾದರೂ ಒಬ್ಬರು ಕೇಳಬೇಕು, ಅಷ್ಟೆ.

ವಿಡಿಯೋ ಗೇಮ್‌ನ ಯಂತ್ರಕ್ಕೆ ಒಳ್ಳೆಯ ಮನಸ್ಸನ್ನು ಅದರ ಕತೆ ಬರೆದವರು ಒಳಗೇ ಇಟ್ಟು ಕಳಿಸುತ್ತಾರೆ. ನಮ್ಮ ತೋಪಿನೊಳಗೆ ರೂಮಿ ಅಂಥದ್ದೇನೂ ಇಡಲಿಲ್ಲ, ಸಿಂಹದ ಬಾಯಿ ಮಾತ್ರ ಇಟ್ಟ. ಒಳ್ಳೆಯತನ ಹೊರಗಿನಿಂದ, ನಿಧಾನಕ್ಕೆ, ಹೆಸರಿಲ್ಲದ ಜನರ ಅಂಗೈಯಿಂದ ಬಂತು.

ಸೊಲ್ಲಾಪುರದ ಮೇಲೆ ಬಿಜಾಪುರಕ್ಕೆ ಹೋಗುವ ರೈಲು ಇದೆ. ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ವಾಪಸ್ ಬರುವವರೇ ಹೆಚ್ಚು. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಶೇರ್ಜಾ ಬುರುಜನ್ನೂ ಹತ್ತಿ. ತಾಳಿಕೋಟೆಯ ಕತೆ ಹೇಳಿ, ಮಾಮಲೇದಾರನ ಕತೆಯನ್ನೂ ಹೇಳಿ. ಕೈ ಮುಗಿಯುವುದು ಬಿಡುವುದು ನಿಮಗೆ ಬಿಟ್ಟದ್ದು.