ಸ್ಪಾರ್ಕ್ ಪ್ಲಗ್ಗಿನ ಎಡೆ: ಒಂದು ಚಾರಿತ್ರಿಕ ವಿಮರ್ಶೆ

೧

ಪೆಟ್ರೋಲಿನಿಂದ ನಡೆಯುವ ಎಂಜಿನ್ನಿನ ಚರಿತ್ರೆಯನ್ನು ಬರೆದವರು ಸ್ಪಾರ್ಕ್ ಪ್ಲಗ್ಗಿನ ಕರ್ತೃತ್ವದ ವಿಷಯದಲ್ಲಿ ಏಕಾಭಿಪ್ರಾಯವುಳ್ಳವರಲ್ಲ. ೧೮೬೦ರಲ್ಲಿ ಅನಿಲದ ಎಂಜಿನ್ನನ್ನು ವಿದ್ಯುತ್ಕಿಡಿಯಿಂದ ಹೊತ್ತಿಸಿದ ಲೆನ್ವಾರನಿಗೆ ಈ ಕೀರ್ತಿಯು ಸಲ್ಲಬೇಕೆಂದು ಕೆಲವರು ಹೇಳುವರು. ೧೮೯೮ರಲ್ಲಿ ಹಕ್ಕುಪತ್ರವನ್ನು ಪಡೆದ ಟೆಸ್ಲಾನಿಗೆ ಸಲ್ಲಬೇಕೆಂದು ಮತ್ತೆ ಕೆಲವರು. ರಾಬರ್ಟ್ ಬಾಷನ ಕಾರ್ಖಾನೆಯಲ್ಲಿ ೧೯೦೨ರಲ್ಲಿ ಹೆಚ್ಚು ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದ ಗಾಟ್‌ಲೋಬ್ ಹೊನೊಲ್ಡನನ್ನು ಜರ್ಮನರು ಮುಂದಿಡುವರು; ಆಂಗ್ಲರು ಸರ್ ಆಲಿವರ್ ಲಾಜನನ್ನು ನೆನೆಯುವರು. ಪ್ರತಿಯೊಂದು ಪಕ್ಷಕ್ಕೂ ಆಧಾರಗಳುಂಟು.

ಆದರೆ ಈ ವಾದದ ಮರೆಯಲ್ಲಿ ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಪ್ರಶ್ನೆಯು ಉಪೇಕ್ಷೆಗೆ ಒಳಗಾಗಿದೆ. ಪ್ಲಗ್ಗಿನ ಎರಡು ವಿದ್ಯುದಗ್ರಗಳ ನಡುವೆ ಕಿಡಿಯು ಹಾರಬೇಕಾದ ಎಡೆ ಎಷ್ಟಿರಬೇಕು? ಪ್ಲಗ್ಗು ತಾನು ಹೀರಿದ ಕಾವನ್ನು ಎಷ್ಟು ಶೀಘ್ರವಾಗಿ ಹೊರಗೆ ಸಾಗಿಸಬೇಕು? ಗ್ಯಾರೇಜಿನವರು ‘ಗ್ಯಾಪು’ ಎನ್ನುವ ಎಡೆಯ ಅಳತೆಯೂ, ‘ಹೀಟ್ ರೇಂಜ್’ ಎನ್ನುವ ತಾಪಮಾನವೂ ಇವೇ. ಟರ್ಬೋಚಾರ್ಜರನ್ನು ಅಳವಡಿಸಿ ಬಲವನ್ನು ಹೆಚ್ಚಿಸಿದ ಕಾರಿನ ಎಂಜಿನ್ನಿಗೆ ಪ್ಲಗ್ಗನ್ನು ಆರಿಸುವವನು ಇಂದಿಗೂ ಈ ಎರಡು ಪ್ರಶ್ನೆಗಳಿಗೇ ಉತ್ತರವನ್ನು ಹುಡುಕುತ್ತಾನೆ. ತಪ್ಪು ಉತ್ತರಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ; ಮಿಲಿಮೀಟರಿನ ಹತ್ತನೆಯ ಕೆಲವು ಅಂಶಗಳ ಹೆಚ್ಚುಕಡಮೆಯಿಂದ ಎಂಜಿನ್ನು ಮುಗ್ಗರಿಸುವುದು, ಕಾವಿನ ತಪ್ಪೆಣಿಕೆಯಿಂದ ಪಿಸ್ಟನ್ನೇ ಕರಗಿ ತೂತುಬೀಳುವುದು. ಎಂಜಿನ್ನಿನೊಳಗಣ ಒತ್ತಡವು ಏರಿದಾಗಲೆಲ್ಲ ಈ ಎರಡು ಅಳತೆಗಳೂ ಬದಲಾಗಬೇಕಾಯಿತು ಎಂಬುದನ್ನು ಚರಿತ್ರೆಯಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಲೆನ್ವಾರನ ಎಂಜಿನ್ನಿನಲ್ಲಿ ಅನಿಲವನ್ನು ಹೊತ್ತಿಸುವ ಮೊದಲು ಅದುಮುವ ಏರ್ಪಾಡು ಇರಲಿಲ್ಲ. ವಾಯುಮಂಡಲದ ಒತ್ತಡಕ್ಕೆ ಸಮೀಪವಾದ ಒತ್ತಡದಲ್ಲಿಯೇ ಕಿಡಿಯು ಹಾರಬೇಕಾಗಿದ್ದಿತು. ೧೮೭೬ರಲ್ಲಿ ನಿಕೊಲಾಸ್ ಆಟೋ ನಾಲ್ಕು ಹೊಡೆತಗಳ ಎಂಜಿನ್ನನ್ನು ನಿರ್ಮಿಸಿ, ಮಿಶ್ರಣವನ್ನು ಅದುಮಿ ಹೊತ್ತಿಸುವ ಪದ್ಧತಿಯನ್ನು ಸಿದ್ಧಗೊಳಿಸಿದನು. ಬಲವು ಹೆಚ್ಚಿತು. ಆದರೆ ಆಟೋ ಮೊದಲು ವಿದ್ಯುತ್ಕಿಡಿಯನ್ನು ನಂಬದೆ ಜ್ವಾಲೆಯಿಂದಲೇ ಹೊತ್ತಿಸುತ್ತಿದ್ದನು. ಡೈಮ್ಲರನು ಕಾದ ಕೊಳವೆಯನ್ನು ಬಳಸಿದನು. ೧೮೮೬ರ ತನ್ನ ಮೋಟಾರು ಬಂಡಿಯಲ್ಲಿ ಕಾರ್ಲ್ ಬೆನ್ಜನು ವಿದ್ಯುತ್ಕಿಡಿಯನ್ನೇ ಹಿಡಿದನು.

ಕಿಡಿಗೂ ಒತ್ತಡಕ್ಕೂ ಇರುವ ಸಂಬಂಧವನ್ನು ನಿಯಮವಾಗಿ ತಿಳಿಸಿದವನು ಎಂಜಿನ್ನುಗಳ ನಿರ್ಮಾತೃವಲ್ಲ, ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಶ್ ಪಾಷೆನ್. ಅವನು ೧೮೮೯ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸಾರಾಂಶವಿದು: ಅನಿಲದೊಳಗೆ ಕಿಡಿ ಹಾರಲು ಬೇಕಾದ ವೋಲ್ಟುಗಳು ಎಡೆಯೊಂದನ್ನೇ ಆಗಲಿ, ಒತ್ತಡವೊಂದನ್ನೇ ಆಗಲಿ ಅವಲಂಬಿಸಿರುವುದಿಲ್ಲ, ಅವೆರಡರ ಗುಣಲಬ್ಧವನ್ನು ಅವಲಂಬಿಸಿರುತ್ತವೆ. ಅನಿಲದ ಕಾವು ಬದಲಾಗುವಲ್ಲಿ ಒತ್ತಡಕ್ಕೆ ಬದಲಾಗಿ ಸಾಂದ್ರತೆಯನ್ನು ಎಣಿಸಬೇಕು. ಎಂಜಿನ್ನಿನಲ್ಲಿ ಕಂಡುಬರುವ ಒತ್ತಡಗಳಲ್ಲಿ ಈ ಗುಣಲಬ್ಧವು ಹೆಚ್ಚಿದಂತೆ ಬೇಕಾದ ವೋಲ್ಟುಗಳೂ ಹೆಚ್ಚುವುವು. ಸಾಮಾನ್ಯವಾದ ಗಾಳಿಯಲ್ಲಿ ೧ ಮಿಲಿಮೀಟರ್ ಎಡೆಯನ್ನು ದಾಟಲು ಸುಮಾರು ೪,೦೦೦ ವೋಲ್ಟುಗಳು ಸಾಕು. ಅದೇ ಎಡೆಯು ಅದುಮಿದ ಮಿಶ್ರಣದ ನಡುವೆ ಇದ್ದಾಗ ಅದರ ಅನೇಕ ಪಟ್ಟು ಬೇಕಾಗುವುದು.

೩

ಈ ನಿಯಮದ ಕಠಿಣವಾದ ಪರೀಕ್ಷೆಯು ನಡೆದುದು ಆಕಾಶದಲ್ಲಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿಯು ೧೯೦೫ರಲ್ಲಿ, ಎಂಜಿನ್ನು ಹೊರಚೆಲ್ಲುವ ಬಿಸಿಯ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಹೆಚ್ಚು ಗಾಳಿಯನ್ನು ಸಿಲಿಂಡರಿಗೆ ತುಂಬುವ ಯೋಜನೆಗೆ ಹಕ್ಕುಪತ್ರವನ್ನು ಪಡೆದನು. ಇದೇ ಟರ್ಬೋಚಾರ್ಜರಿನ ಮೂಲ. ಮೇಲೆ ಹೋದಂತೆ ಗಾಳಿಯು ತೆಳುವಾಗಿ ವಿಮಾನದ ಎಂಜಿನ್ನು ಸೊರಗುವುದನ್ನು ತಡೆಯಲು ಫ್ರಾನ್ಸಿನ ಆಗ್ಯುಸ್ತ್ ರಾತೋ ಮತ್ತು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಇವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ಬಳಕೆಗೆ ತಂದರು. ೧೯೧೮ರಲ್ಲಿ ಮಾಸನು ಲಿಬರ್ಟಿ ಎಂಜಿನ್ನೊಂದನ್ನು ಕೊಲೊರಾಡೋದ ಪೈಕ್ಸ್ ಪೀಕ್ ಎಂಬ, ೧೪,೦೦೦ ಅಡಿಗೂ ಎತ್ತರವಾದ ಶಿಖರಕ್ಕೆ ಸಾಗಿಸಿ ಪರೀಕ್ಷಿಸಿದನು. ಕೆಳಗಿನ ನೆಲದಲ್ಲಿ ಸುಮಾರು ೩೫೦ ಅಶ್ವಶಕ್ತಿಯಿದ್ದ ಎಂಜಿನ್ನು ಶಿಖರದಲ್ಲಿ ಸುಮಾರು ೨೩೦ಕ್ಕೆ ಇಳಿಯಿತು. ಟರ್ಬೋ ಸೇರಿದಾಗ ಮತ್ತೆ ೩೫೦ನ್ನು ಮೀರಿತು.

ಹೀಗೆ ಮೇಲೇರಿದ ವಿಮಾನಗಳಲ್ಲಿ ಪಾಷೆನ್ನನ ನಿಯಮವು ಎರಡು ಕಡೆಗಳಿಂದ ಕಾಡಿತು. ಸಿಲಿಂಡರಿನ ಒಳಗೆ ಗಾಳಿ ದಟ್ಟವಾಗಿದ್ದುದರಿಂದ ಕಿಡಿಯು ಎಡೆಯನ್ನು ದಾಟುವುದು ಕಷ್ಟವಾಯಿತು. ಹೊರಗೆ ಗಾಳಿ ತೆಳುವಾಗಿದ್ದುದರಿಂದ ಮ್ಯಾಗ್ನೆಟೋದಲ್ಲಿಯೂ ತಂತಿಗಳಲ್ಲಿಯೂ ವಿದ್ಯುತ್ತು ಹಾರಬಾರದ ಕಡೆಗೆ ಸುಲಭವಾಗಿ ಹಾರಿತು. ಒಳಗೆ ಬೇಕಾದ ಕಿಡಿ ಹುಟ್ಟದು, ಹೊರಗೆ ಬೇಡವಾದ ಕಿಡಿ ಅಡಗದು. ಇದಕ್ಕೆ ಪರಿಹಾರವಾಗಿ ಮ್ಯಾಗ್ನೆಟೋಗಳಿಗೇ ಒತ್ತಡದ ಗಾಳಿಯನ್ನು ತುಂಬುವ ರೂಢಿಯು ಬಂದಿತು. ಪ್ಲಗ್ಗಿನ ಎಡೆಯನ್ನು ಕಿರಿದಾಗಿಡಬೇಕಾಯಿತು.

ಕಾವಿನ ತೊಡಕು ಬೇರೆ. ಅವಾಹಕವಾಗಿ ವಿಮಾನದ ಪ್ಲಗ್ಗುಗಳಲ್ಲಿ ಬಹುಕಾಲ ಅಭ್ರಕವನ್ನು ಬಳಸುತ್ತಿದ್ದರು. ೧೯೨೧ರಲ್ಲಿ ಮಿಡ್‌ಗ್ಲಿಯು ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಸೇರಿಸುವ ಉಪಾಯವನ್ನು ಕಂಡ ಮೇಲೆ ಇನ್ನೂ ಹೆಚ್ಚಿನ ಒತ್ತಡವು ಸಾಧ್ಯವಾಯಿತು. ಆದರೆ ಅಭ್ರಕಕ್ಕೆ ಆ ಸೀಸವು ಒಗ್ಗಲಿಲ್ಲ. ೧೯೩೦ರ ದಶಕದಲ್ಲಿ ಜರ್ಮನಿಯ ಸೀಮೆನ್ಸ್ ಸಂಸ್ಥೆಯೂ ಇಂಗ್ಲೆಂಡಿನ ಲಾಜ್ ಸಂಸ್ಥೆಯೂ ಅಲ್ಯುಮಿನಾವನ್ನು ಸುಟ್ಟು ಗಟ್ಟಿಮಾಡಿದ ಅವಾಹಕಗಳನ್ನು ತಂದುವು. ಇಂದಿನ ಪ್ಲಗ್ಗಿನ ಬಿಳಿಯ ಪಿಂಗಾಣಿಯು ಇದರ ಸಂತತಿಯೇ.

೪

ಪ್ಲಗ್ಗು ತೀರ ತಣ್ಣಗಿದ್ದರೆ ಮಸಿ ಕಟ್ಟುವುದು. ತೀರ ಬಿಸಿಯಾದರೆ ಕೆಂಡದಂತೆ ಹೊಳೆದು, ಕಿಡಿಯು ಬರುವ ಮೊದಲೇ ಮಿಶ್ರಣವನ್ನು ಹೊತ್ತಿಸುವುದು. ಈ ಅಕಾಲದಹನವೇ ಪಿಸ್ಟನ್ನಿಗೆ ಮೃತ್ಯು. ಅಲ್ಯುಮಿನಿಯಂ ೬೬೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವುದೆಂಬುದನ್ನು ನೆನೆದರೆ ಕಾರಣವು ಸ್ಪಷ್ಟವಾಗುವುದು. ಪ್ಲಗ್ಗಿನ ತುದಿಯು ಸುಮಾರು ೫೦೦ ಡಿಗ್ರಿಗಿಂತ ಮೇಲಿದ್ದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು, ಸುಮಾರು ೮೫೦ ಡಿಗ್ರಿಯನ್ನು ಮೀರಲೂಬಾರದು. ಅವಾಹಕದ ಮೂಗು ಉದ್ದವಾಗಿದ್ದರೆ ಕಾವು ನಿಧಾನವಾಗಿ ಹೊರಹೋಗುವುದು. ಇದು ‘ಬಿಸಿ’ ಪ್ಲಗ್ಗು. ಮೂಗು ಗಿಡ್ಡವಾಗಿದ್ದರೆ ಕಾವು ಬೇಗನೆ ಸಿಲಿಂಡರಿನ ತಲೆಗೆ ಸೇರುವುದು. ಇದು ‘ತಂಪು’ ಪ್ಲಗ್ಗು. ಈ ಹೆಸರುಗಳಿಗೂ ಕಿಡಿಯ ಬಿಸಿಗೂ ಸಂಬಂಧವಿಲ್ಲ ಎಂಬುದನ್ನು ಗಮನಿಸಬೇಕು.

ಬಾಷ್ ಸಂಸ್ಥೆಯು ೧೯೨೦ರ ದಶಕದಲ್ಲಿ ಈ ಗುಣವನ್ನು ಸಂಖ್ಯೆಯಿಂದ ಸೂಚಿಸುವ ಕ್ರಮವನ್ನು ತಂದಿತು. ಅದರಲ್ಲಿ ದೊಡ್ಡ ಸಂಖ್ಯೆಯು ತಂಪನ್ನು ಸೂಚಿಸುತ್ತಿದ್ದಿತು. ಅದೇ ಸಂಸ್ಥೆಯು ಮುಂದೆ ತಂದ ಕ್ರಮದಲ್ಲಿ ದೊಡ್ಡ ಸಂಖ್ಯೆಯು ಬಿಸಿಯನ್ನು ಸೂಚಿಸಿತು. ಅಮೆರಿಕದ ಚಾಂಪಿಯನ್ ಪ್ಲಗ್ಗುಗಳದೂ ಇದೇ ರೀತಿ. ೧೯೩೬ರಲ್ಲಿ ಸ್ಥಾಪಿತವಾದ ಜಪಾನಿನ ಎನ್‌ಜಿಕೆ ಸಂಸ್ಥೆಯದು ಇದಕ್ಕೆ ವಿರುದ್ಧ. ಅಲ್ಲಿ ೬ಕ್ಕಿಂತ ೭, ೭ಕ್ಕಿಂತ ೮ ತಂಪು. ೧೯೫೧ರಲ್ಲಿ ಬಾಷ್ ಸಂಸ್ಥೆಯ ಸಂಬಂಧದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ‘ಮೈಕೋ’ ಎಂಬ ಹೆಸರಿನಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಕಾರ್ಖಾನೆಯ ಪ್ಲಗ್ಗುಗಳೊಡನೆ ಬೆಳೆದ ಯಂತ್ರಕಾರನು ಜಪಾನಿನ ಪ್ಲಗ್ಗನ್ನು ಕೈಗೆತ್ತಿಕೊಳ್ಳುವಾಗ ಇದನ್ನು ಮರೆಯುವಂತಿಲ್ಲ. ಪಾಠಾಂತರಗಳನ್ನು ಹೋಲಿಸುವ ಸಂಪಾದಕನಿಗೆ ಬೇಕಾದ ಎಚ್ಚರವೇ ಇಲ್ಲಿಯೂ ಬೇಕು: ಅಂಕವನ್ನು ಓದುವ ಮೊದಲು ಅದು ಯಾವ ಸಂಪ್ರದಾಯದ್ದೆಂದು ತಿಳಿಯತಕ್ಕುದು.

೫

ಟರ್ಬೋ ಕಾರಿಗೆ ಇಳಿದುದು ೧೯೬೨ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಎಂಬ ಬಂಡಿಗಳೊಡನೆ. ೧೯೭೩ರಲ್ಲಿ ಬಿಎಂಡಬ್ಲ್ಯೂ, ೧೯೭೪ರಲ್ಲಿ ಪೋರ್ಷೆ, ಆ ದಶಕದ ಕೊನೆಗೆ ಸಾಬ್ ಸಂಸ್ಥೆಗಳು ಅದನ್ನು ಮುಂದುವರಿಸಿದುವು. ಇದೇ ದಶಕದಲ್ಲಿ ಎಡೆಯ ಚರಿತ್ರೆಯು ಇಬ್ಭಾಗವಾದುದು ಗಮನಾರ್ಹವಾಗಿದೆ. ಹೊಗೆಯನ್ನು ನಿಯಂತ್ರಿಸುವ ಶಾಸನಗಳಿಂದಾಗಿ ಸಾಧಾರಣ ಎಂಜಿನ್ನುಗಳು ತೆಳುವಾದ ಮಿಶ್ರಣವನ್ನು ಸುಡಬೇಕಾಯಿತು. ಅದಕ್ಕೆ ಉದ್ದವಾದ ಕಿಡಿಯು ಅನುಕೂಲ. ಜನರಲ್ ಮೋಟಾರ್ಸ್ ಸಂಸ್ಥೆಯು ೧೯೭೫ರ ಸುಮಾರಿನಲ್ಲಿ ಬಲವಾದ ವಿದ್ಯುತ್ ವ್ಯವಸ್ಥೆಯೊಡನೆ ಕೆಲವು ಎಂಜಿನ್ನುಗಳ ಎಡೆಯನ್ನು ೦.೦೬೦ ಅಂಗುಲಕ್ಕೆ, ಅಂದರೆ ಸುಮಾರು ೧.೫ ಮಿಲಿಮೀಟರಿಗೆ ಹಿಗ್ಗಿಸಿತು. ‘ಎಡೆ ಹಿರಿದಾದಷ್ಟೂ ಒಳ್ಳೆಯದು’ ಎಂಬ ನಂಬಿಕೆಯು ಇದರಿಂದ ಬಲವಾಯಿತು. ಟರ್ಬೋ ಎಂಜಿನ್ನುಗಳು ಮಾತ್ರ ಎಡೆಯನ್ನು ಕಿರಿದುಮಾಡಿದುವು. ಈ ಎರಡು ಸಂಪ್ರದಾಯಗಳಲ್ಲಿ ವಿರೋಧವಿಲ್ಲ. ಎರಡೂ ಒಂದೇ ನಿಯಮದ ಫಲಗಳು.

ಉದಾಹರಣೆಗೆ, ಸಹಜವಾಗಿ ಉಸಿರಾಡುವ ಎಂಜಿನ್ನಿನಲ್ಲಿ ಎಡೆಯು ೧.೧ ಮಿಲಿಮೀಟರ್ ಇರಲಿ. ಮಿಶ್ರಣದ ಸಾಂದ್ರತೆಯನ್ನು ೧ ಎಂದು ಭಾವಿಸಿದರೆ ಗುಣಲಬ್ಧವು ೧.೧. ಟರ್ಬೋ ಒಂದು ವಾಯುಮಂಡಲದಷ್ಟು ಒತ್ತಡವನ್ನು ಹೆಚ್ಚಾಗಿ ತುಂಬಿದರೆ ಸಾಂದ್ರತೆಯು ೨ಕ್ಕೆ ಸಮೀಪಿಸುವುದು, ಗುಣಲಬ್ಧವು ೨.೨ ಆಗುವುದು. ಸುರುಳಿಯು ಅಷ್ಟು ವೋಲ್ಟುಗಳನ್ನು ಕೊಡಲಾರದಾದರೆ ಕಿಡಿಯಿಲ್ಲ. ಎಡೆಯನ್ನು ೦.೭ಕ್ಕೆ ಇಳಿಸಿದರೆ ಗುಣಲಬ್ಧವು ೧.೪, ೦.೫೫ಕ್ಕೆ ಇಳಿಸಿದರೆ ಮೊದಲಿನ ೧.೧. ಬಲವನ್ನು ಹೆಚ್ಚಿಸಿದ ಟರ್ಬೋ ಎಂಜಿನ್ನುಗಳಲ್ಲಿ ೦.೬ರಿಂದ ೦.೭ ಮಿಲಿಮೀಟರಿನ ಎಡೆಯು ರೂಢಿಗೆ ಬಂದುದಕ್ಕೆ ಇದೇ ಕಾರಣ. ‘ಒತ್ತಡಕ್ಕೆ ಕಿಡಿ ಆರಿಹೋಯಿತು’ ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ಆದರೆ ಬಹುಮಟ್ಟಿಗೆ ಕಿಡಿಯು ಹುಟ್ಟಿ ಆರುವುದಲ್ಲ, ಹುಟ್ಟುವುದೇ ಇಲ್ಲ.

ಹಾಗೆಂದು ಎಡೆಯನ್ನು ಮನಬಂದಂತೆ ಕಿರಿದುಮಾಡಲೂ ಆಗದು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಇಲ್ಲಿಗೆ ಸಲ್ಲುವುದು. ಎಡೆಯು ತೀರ ಸಣ್ಣದಾದರೆ ಹುಟ್ಟಿದ ಜ್ವಾಲೆಯ ಮೊಳಕೆಯನ್ನು ತಣ್ಣಗಿನ ಲೋಹವೇ ನುಂಗುವುದು. ಎಂಜಿನ್ನು ನಿಂತಲ್ಲಿ ನಡುಗುವುದು. ಆದಕಾರಣ ಪೂರ್ಣ ಒತ್ತಡದಲ್ಲಿಯೂ ಕಿಡಿ ತಪ್ಪದಿರುವ ಎಡೆಗಳಲ್ಲಿ ಅತ್ಯಂತ ಹಿರಿದಾದುದೇ ಯೋಗ್ಯವಾದುದು. ತಯಾರಕರು ಹೇಳಿದ ಅಳತೆಯಿಂದ ಹೊರಟು, ಮುಗ್ಗರಿಕೆ ಕಂಡಾಗ ಸ್ವಲ್ಪಸ್ವಲ್ಪವಾಗಿ ಇಳಿಸುವುದು ಕ್ರಮ. ಕಾವಿನ ವಿಷಯದಲ್ಲಿ, ಹೆಚ್ಚಿದ ಪ್ರತಿ ೭೫ರಿಂದ ೧೦೦ ಅಶ್ವಶಕ್ತಿಗೆ ಒಂದು ಮೆಟ್ಟಿಲು ತಂಪಾದ ಪ್ಲಗ್ಗು ಎಂಬುದು ಸ್ಥೂಲವಾದ ಸೂತ್ರ. ಅಂತಿಮ ಸಾಕ್ಷಿಯು ಬಳಸಿದ ಪ್ಲಗ್ಗಿನ ಮೈಯೇ: ತಿಳಿಯಾದ ಕಂದುಬಣ್ಣವು ಆರೋಗ್ಯ, ಒಣಮಸಿಯು ಅತಿ ತಂಪಿನ ಅಥವಾ ಅತಿ ಇಂಧನದ ಸೂಚನೆ, ಬೆಳ್ಳಗೆ ಬೆಂದು ಬೊಕ್ಕೆಯೆದ್ದ ಪಿಂಗಾಣಿಯು ಅಪಾಯ. ಇರಿಡಿಯಮ್ಮಿನ ಪ್ಲಗ್ಗುಗಳಲ್ಲಿ ನಡುವಣ ತಂತಿಯು ೦.೬ ಅಥವಾ ೦.೪ ಮಿಲಿಮೀಟರಿನಷ್ಟು ತೆಳುವಾಗಿರುವುದರಿಂದ ಅದನ್ನು ಮುಟ್ಟದೆ, ಹೊರಗಣ ವಿದ್ಯುದಗ್ರವನ್ನು ಮಾತ್ರ ಬಾಗಿಸಿ, ತಂತಿಯ ಅಳತೆಗೋಲಿನಿಂದ ಅಳೆಯಬೇಕು.

೬

ಮೇಲಣ ವಿಚಾರಗಳಿಂದ ಸಿದ್ಧವಾಗುವುದಿಷ್ಟು. ಲೆನ್ವಾರನ ಒತ್ತಡವಿಲ್ಲದ ಸಿಲಿಂಡರಿನಿಂದ ಇಂದಿನ ಟರ್ಬೋ ಕಾರಿನವರೆಗೆ ಪ್ಲಗ್ಗಿನ ಹೊರರೂಪವು ಅಷ್ಟಾಗಿ ಬದಲಾಗಲಿಲ್ಲ. ಬದಲಾದುದು ಅದರ ಎಡೆ ಮತ್ತು ಕಾವು. ಒಂದು ಕಾಲದ ಎಂಜಿನ್ನಿಗೆ ಸರಿಯಾಗಿದ್ದ ಅಳತೆಯನ್ನು ಇನ್ನೊಂದಕ್ಕೆ ಶಾಸ್ತ್ರವಾಕ್ಯವೆಂದು ಹೊರಿಸಿದಾಗಲೇ ಕೇಡು ಸಂಭವಿಸಿತು. ಪ್ಲಗ್ಗನ್ನು ಯಾರು ಕಂಡುಹಿಡಿದರೆಂಬ ವಾದವು ಎಂದಾದರೂ ಮುಗಿಯಬಹುದು, ಮುಗಿಯದಿರಲೂಬಹುದು. ಅದರ ಎಡೆಯನ್ನು ಅಳೆಯುವ ಕೆಲಸವಂತೂ ಎಂಜಿನ್ನಿನ ಒತ್ತಡವು ಬದಲಾದಾಗಲೆಲ್ಲ ಹೊಸದಾಗಿ ಆರಂಭವಾಗುವುದು.